ದೌಹೃದವೂ ಗೃಹಿಣಿಯ ಬಯಕೆಯೂ

ಕನ್ನಡದಲ್ಲಿ ‘ಬಯಕೆ’ ಎಂಬ ಶಬ್ದವು ಎರಡು ಅರ್ಥಗಳಲ್ಲಿ ರೂಢವಾಗಿದೆ. ಸಾಮಾನ್ಯಾರ್ಥದಲ್ಲಿ ಅದು ಇಚ್ಛೆ, ಅಭಿಲಾಷೆ. ವಿಶೇಷಾರ್ಥದಲ್ಲಿ ಗರ್ಭಿಣಿಗೆ ತಿನಿಸು ಮೊದಲಾದವುಗಳ ಮೇಲೆ ಹುಟ್ಟುವ ಆಸೆ. ಪುರುಷನ ವಿಷಯದಲ್ಲಿ ಎರಡನೆಯ ಅರ್ಥಕ್ಕೆ ಅವಕಾಶವೇ ಇಲ್ಲ. ವಿವಾಹಿತೆಯ ವಿಷಯದಲ್ಲಾದರೋ ಈ ಎರಡನೆಯ ಅರ್ಥವು ಮೊದಲನೆಯದನ್ನು ಬಹುಮಟ್ಟಿಗೆ ನುಂಗಿಹಾಕಿದೆ. ವರದಾ ತುಂಗಭದ್ರೆಗಳು ಕೂಡುವ ಗಳಗನಾಥ ಕ್ಷೇತ್ರದ ಸುತ್ತಣ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸೀಮೆಯಲ್ಲಿ ಹೊಸದಾಗಿ ಮದುವೆಯಾದವಳನ್ನು ಕುರಿತು ‘ಆಕೆಗೆ ಬಯಕೆ’ ಎಂದು ಯಾರಾದರೂ ಹೇಳಿದರೆ, ಕೇಳಿದವರು ಏನು ಬೇಕಂತೆ ಎಂದು ವಿಚಾರಿಸುವುದಿಲ್ಲ. ಎಷ್ಟು ತಿಂಗಳು ಎಂದು ವಿಚಾರಿಸುತ್ತಾರೆ. ಅನಂತರ ಕುಬುಸದ ಕಾರ್ಯ, ಹಸಿರು ಸೀರೆ, ಹಸಿರು ಬಳೆ, ತವರಿನವರು ಹೊತ್ತು ತರುವ ಬಗೆಬಗೆಯ ಬುತ್ತಿ. ಅತ್ತೆಯ ಮನೆಯಲ್ಲಿ ಸೊಸೆಯ ನಾಲಗೆಯ ರುಚಿಯನ್ನು ಕೇಳಿ ಅಡಿಗೆ ಮಾಡುವ ದಿನಗಳು ಅವಳ ಬಾಳಿನಲ್ಲಿ ಅವೇ ಎಂದರೂ ತಪ್ಪಾಗದು.

ಗರ್ಭವು ನಿಂತ ಮೇಲಣ ಬಯಕೆಗೆ ಇಷ್ಟು ಮನ್ನಣೆಯಿತ್ತ ಜನಜೀವನವೂ ಅದನ್ನು ಆಶ್ರಯಿಸಿದ ಸಾಹಿತ್ಯವೂ, ಗರ್ಭವನ್ನು ಧರಿಸಬೇಕೆ, ಯಾವಾಗ, ಎಷ್ಟು ಸಲ, ಅಥವಾ ಬೇಡವೆ ಎಂಬ ವಿಷಯದಲ್ಲಿ ಅವಳಿಗಿರಬಹುದಾದ ಬಯಕೆಯನ್ನು ಹೇಗೆ ಕಂಡಿವೆ? ಈ ಪ್ರಶ್ನೆಯನ್ನು ಸಮಾಜಶಾಸ್ತ್ರದವರು ಸಂಖ್ಯೆಗಳ ಮೂಲಕ ವಿಚಾರಿಸಿದ್ದಾರೆ. ಸಾಹಿತ್ಯವಿಮರ್ಶೆಯ ಕಡೆಯಿಂದ ಅದರ ವಿಚಾರವು ಸಾಕಷ್ಟು ನಡೆದಂತೆ ತೋರುವುದಿಲ್ಲ. ಕನ್ನಡ ಕಾದಂಬರಿಗಳಲ್ಲಿ ಸ್ತ್ರೀಯ ಸ್ಥಾನಮಾನವನ್ನು ಕುರಿತ ಗ್ರಂಥಗಳು ಬೇಕಾದಷ್ಟಿವೆ. ಅವುಗಳಲ್ಲಿ ವಿದ್ಯೆ, ವೈಧವ್ಯ, ವರದಕ್ಷಿಣೆಗಳಿಗೆ ದೊರೆತಷ್ಟು ಗಮನವು ಈ ವಿಷಯಕ್ಕೆ ದೊರೆತಿಲ್ಲ.

ಮೊದಲು ಶಾಸ್ತ್ರದ ಮಾತು. ಗರ್ಭಿಣಿಯ ಬಯಕೆಗೆ ಸಂಸ್ಕೃತದಲ್ಲಿ ‘ದೋಹದ’ವೆಂದು ಹೆಸರು. ಇದು ‘ದೌಹೃದ’ ಅಥವಾ ‘ದೌರ್ಹೃದ’ ಶಬ್ದದ ಪ್ರಾಕೃತರೂಪವೆಂದು ಬಹುಜನ ಪಂಡಿತರ ಮತ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಇದರ ಉಪಪತ್ತಿಯು ದೊರೆಯುತ್ತದೆ. ನಾಲ್ಕನೆಯ ತಿಂಗಳಲ್ಲಿ ಗರ್ಭದ ಹೃದಯವು ವ್ಯಕ್ತವಾಗುವುದರಿಂದ ಆಗ ಸ್ತ್ರೀಯು ಎರಡು ಹೃದಯಗಳುಳ್ಳವಳಾಗುವಳು. ಆದುದರಿಂದ ಅವಳು ದೌಹೃದಿನಿ. ಅವಳು ಬಯಸಿದುದನ್ನು ಕೊಡದೆ ಹೋದರೆ ಶಿಶುವು ಗೂನು, ಕುಂಟು, ಕುಬ್ಜತೆ ಮೊದಲಾದ ವೈಕಲ್ಯಗಳನ್ನು ಪಡೆಯುವುದು. ಅಷ್ಟೇ ಅಲ್ಲ, ಅವಳು ಏನನ್ನು ಬಯಸಿದಳೆಂಬುದರಿಂದ ಹುಟ್ಟಲಿರುವ ಮಗುವಿನ ಸ್ವಭಾವವನ್ನು ಊಹಿಸಬಹುದು: ರಾಜದರ್ಶನದ ಬಯಕೆಯಾದರೆ ಮಗನು ಭಾಗ್ಯವಂತನು; ಆಶ್ರಮವನ್ನು ಕಾಣುವ ಬಯಕೆಯಾದರೆ ಧರ್ಮಶೀಲನು.

ಈ ಪ್ರಕರಣವನ್ನು ಗರ್ಭಿಣಿಯ ವಿಷಯದಲ್ಲಿ ಪ್ರಾಚೀನರಿಗಿದ್ದ ಕರುಣೆಗೆ ನಿದರ್ಶನವಾಗಿ ಉದಾಹರಿಸುವುದು ವಾಡಿಕೆ. ಕರುಣೆಯು ಇಲ್ಲವೆಂದಲ್ಲ. ಆದರೆ ಶಾಸ್ತ್ರಕಾರನು ಹೇಳುತ್ತಿರುವುದೇನೆಂಬುದನ್ನು ನಿದಾನಿಸಿ ನೋಡಬೇಕು. ಬಯಕೆಯು ಅವಳ ಬಾಯಿಂದ ಹೊರಟರೂ ಅವಳದಲ್ಲ. ಅದು ಎರಡನೆಯ ಹೃದಯದ್ದು. ಅದನ್ನು ಸಲ್ಲಿಸುವುದು ಅವಳ ಪ್ರೀತಿಗಾಗಿ ಅಲ್ಲ, ಮಗುವಿನ ಅಂಗಸೌಷ್ಠವಕ್ಕಾಗಿ. ನಾಲ್ಕನೆಯ ತಿಂಗಳಿಗೆ ಮುಂಚೆ ಅವಳಿಗೆ ಇದ್ದುದು ಒಂದೇ ಹೃದಯ. ಆ ಮೊದಲನೆಯ ಹೃದಯದ ಬಯಕೆಗಳ ವಿಷಯದಲ್ಲಿ ಸಂಹಿತೆಯು ಮೌನವಾಗಿದೆ. ವೈದ್ಯಗ್ರಂಥವು ಮೌನವಾಗಿರುವುದು ಅದರ ಪ್ರಯೋಜನದ ಮಿತಿಯಿಂದ, ಅದನ್ನು ದೋಷವೆನ್ನಲಾಗದು. ಕಾವ್ಯವೂ ಅದೇ ಮಿತಿಯನ್ನು ತನ್ನದಾಗಿ ಮಾಡಿಕೊಂಡುದು ಮಾತ್ರ ವಿಚಾರಾರ್ಹ.

ರಘುವಂಶದ ಮೂರನೆಯ ಸರ್ಗದಲ್ಲಿ ಸುದಕ್ಷಿಣೆಯ ದೋಹದವರ್ಣನೆಯಿರುವುದು ಸರ್ವವಿದಿತ. ದಿಲೀಪನು ರಾಣಿಗೆ ಏನು ಬೇಕೆಂಬುದನ್ನು ಅವಳ ಸಖಿಯರಲ್ಲಿ ಮತ್ತೆ ಮತ್ತೆ ಕೇಳುತ್ತಾನೆ. ನಾಚಿಕೆಯಿಂದ ಅವಳು ತನಗೆ ಹೇಳಲೊಲ್ಲಳೆಂದು ಅವನ ಕೊರಗು. ಕಾಳಿದಾಸನ ಸೌಜನ್ಯವು ಇಲ್ಲಿ ಎದ್ದು ಕಾಣುತ್ತದೆ. ಆದರೆ ಇದೇ ದಂಪತಿಗಳು ಮೊದಲ ಸರ್ಗದಲ್ಲಿ ಸಂತಾನವಿಲ್ಲದೆ ವಸಿಷ್ಠಾಶ್ರಮಕ್ಕೆ ಬಂದಾಗ ಋಷಿಯ ಮುಂದೆ ಪಿತೃಋಣದ ಸಂಕಟವನ್ನು ತೋಡಿಕೊಂಡವನು ರಾಜನೊಬ್ಬನೇ. ಸುದಕ್ಷಿಣೆಯು ಪಕ್ಕದಲ್ಲಿ ಕುಳಿತಿದ್ದಳು.

ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ಈ ದೋಹದವು ಭಯಂಕರವಾದ ಪರಿಣಾಮವನ್ನು ಪಡೆಯುತ್ತದೆ. ಚಿತ್ರಶಾಲೆಯನ್ನು ಕಂಡ ಸೀತೆಗೆ ಮತ್ತೆ ವನಗಳಲ್ಲಿ ವಿಹರಿಸಿ ಭಾಗೀರಥಿಯಲ್ಲಿ ಮೀಯಬೇಕೆಂಬ ಆಸೆ. ಹಿರಿಯರ ಆದೇಶವೂ ಗರ್ಭಿಣಿಯ ಬಯಕೆಯನ್ನು ತಡಮಾಡದೆ ಸಲ್ಲಿಸಬೇಕೆಂದೇ. ರಾಮನು ರಥವನ್ನು ಸಿದ್ಧಪಡಿಸಲು ಹೇಳುತ್ತಾನೆ. ಅಷ್ಟರಲ್ಲಿ ದುರ್ಮುಖನು ಲೋಕಾಪವಾದವನ್ನು ತರುತ್ತಾನೆ. ಬಯಕೆಯನ್ನು ಸಲ್ಲಿಸಲು ಬಂದ ರಥವೇ ಅವಳನ್ನು ತ್ಯಜಿಸಲು ಸಾಧನವಾಗುತ್ತದೆ. ವಾಲ್ಮೀಕಿಯ ಉತ್ತರಕಾಂಡದಲ್ಲಿಯೂ ಕಥೆಯ ಈ ಎಳೆಯು ಹೀಗೆಯೇ ಇದೆ. ಲಕ್ಷ್ಮೀಶನ ಜೈಮಿನಿಭಾರತದ ಸೀತಾಪರಿತ್ಯಾಗವನ್ನು ಕೇಳಿ ಕಣ್ಣೀರಿಡದ ಕನ್ನಡದ ಮನೆಯು ಒಂದು ಕಾಲಕ್ಕೆ ವಿರಳವಾಗಿತ್ತು. ಸುಶ್ರುತನ ಪ್ರಕಾರ ಆಶ್ರಮದರ್ಶನದ ಬಯಕೆಯು ಕುಶಲವರ ಭವಿಷ್ಯವನ್ನು ಸೂಚಿಸಿತೆಂದು ವ್ಯಾಖ್ಯಾನಿಸಬಹುದು. ಹಾಗೆ ವ್ಯಾಖ್ಯಾನಿಸಿದೊಡನೆ ಒಂದು ಸಂಗತಿಯು ಮರೆಯಾಗುತ್ತದೆ: ಅಂತಃಪುರವು ಬೇಸರವಾಗಿ ಅರಣ್ಯವನ್ನು ನೆನೆದವಳು ಸೀತೆ, ಗಂಡನೊಡನೆ ಸಮನಾಗಿ ನಡೆದಾಡಿದ ಕಾಲವನ್ನು ಮರಳಿ ಬಯಸಿದವಳು ಸೀತೆ. ಭವಭೂತಿಯು ಇದನ್ನು ಬಲ್ಲನು. ಆದುದರಿಂದಲೇ ಚಿತ್ರದರ್ಶನವನ್ನು ಬಯಕೆಗೆ ಮುಂಚೆ ಇರಿಸಿದನು. ಮೊದಲನೆಯ ಹೃದಯವು ಎರಡನೆಯದರ ಹೆಸರಿನಲ್ಲಿ ಮಾತಾಡಿದ ಅಪೂರ್ವ ಸ್ಥಳವಿದು.

ಗರ್ಭವು ಬೇಡವೆಂಬ ಇಚ್ಛೆಯೂ ಪ್ರಾಚೀನರಿಗೆ ಅಪರಿಚಿತವಲ್ಲ. ಬೃಹದಾರಣ್ಯಕದ ಆರನೆಯ ಅಧ್ಯಾಯದಲ್ಲಿ, ಸ್ತ್ರೀಯು ಗರ್ಭವನ್ನು ಧರಿಸಬಾರದೆಂದು ಇಚ್ಛಿಸಿದರೆ ಮಾಡತಕ್ಕುದನ್ನೂ ಧರಿಸಬೇಕೆಂದು ಇಚ್ಛಿಸಿದರೆ ಮಾಡತಕ್ಕುದನ್ನೂ ಒಂದರ ಹಿಂದೊಂದಾಗಿ ಹೇಳಿದೆ. ಎರಡು ವಾಕ್ಯಗಳಲ್ಲಿಯೂ ಇಚ್ಛಿಸುವ ಕರ್ತೃವು ಪುರುಷನೇ. ಅದೇ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಆತ್ಮವನ್ನರಿತ ಪೂರ್ವಿಕರು ಸಂತತಿಯಿಂದ ತಮಗೇನಾಗಬೇಕೆಂದು ಅದನ್ನು ಬಯಸದೆ ಹೋದರೆಂದಿದೆ. ಅವರ ಗೃಹಿಣಿಯರು ಏನೆಂದುಕೊಂಡರೆಂಬುದಿಲ್ಲ. ಮೈತ್ರೇಯಿಯೊಬ್ಬಳು ಇದಕ್ಕೆ ಅಪವಾದ. ಯಾಜ್ಞವಲ್ಕ್ಯನು ಆಸ್ತಿಯನ್ನು ಹಂಚಲು ಹೊರಟಾಗ ಅವಳು ಬಯಸಿದುದು ಅಮೃತತ್ವದ ವಿದ್ಯೆಯನ್ನು. ವಿವಾಹಿತೆಯ ಸ್ವಂತ ಆಕಾಂಕ್ಷೆಗೆ ಶ್ರುತಿಯಲ್ಲಿ ಇಷ್ಟು ಸ್ಪಷ್ಟವಾದ ಉದಾಹರಣೆಯಿರಲು, ‘ಅಷ್ಟಪುತ್ರ ಸೌಭಾಗ್ಯವತೀ ಭವ’ ಎಂಬ ಹರಕೆಯು ಉಳಿದು ಮೈತ್ರೇಯಿಯಂತಾಗು ಎಂಬ ಹರಕೆಯು ರೂಢಿಗೆ ಬಾರದೆ ಹೋದುದೇಕೆಂಬುದನ್ನು ಪುರೋಹಿತವರ್ಗದವರೇ ಹೇಳಬೇಕು.

ಕನ್ನಡದ ಜನಪದ ಗೀತಗಳ ಕಡೆಗೆ ಬಂದರೆ ಸ್ಥಿತಿಯು ಸ್ವಲ್ಪ ಬೇರೆ. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಮೊದಲಾದ ಸಂಗ್ರಹಗಳಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸು ತಾನೇ ಮಾತಾಡುತ್ತಾಳೆ. ತವರಿನ ಹಂಬಲ, ಅಣ್ಣನ ಅಭಿಮಾನ, ತೊಟ್ಟಿಲ ಕಂದನ ಮೇಲಣ ಅಕ್ಕರೆ, ಬಂಜೆಯೆನಿಸಿಕೊಂಡವಳ ಎದೆಯ ಉರಿ ಇವೆಲ್ಲವೂ ಅಲ್ಲಿವೆ. ಮಕ್ಕಳನ್ನು ಬಯಸುವ ಅವಳ ಬಯಕೆಯು ಕೇವಲ ಅತ್ತೆಮಾವಂದಿರ ಒತ್ತಾಯದಿಂದ ಹುಟ್ಟಿದುದೆಂದು ಇತ್ತೀಚಿನ ಕೆಲವರು ಹೇಳುವುದು ಅವಿಚಾರದ ಮಾತು. ತೊಟ್ಟಿಲ ಪದಗಳ ಆನಂದವು ಎರವಲಿನದಲ್ಲ. ಆದರೆ ಸಾಕೆಂಬ ಬಯಕೆಯು, ದೇಹವು ದಣಿದ ಮೇಲಣ ಆ ಮಾತು, ಅಚ್ಚಾದ ಈ ಹಾಡುಗಳಲ್ಲಿ ವಿರಳ. ಅದು ಹುಟ್ಟಲೇ ಇಲ್ಲವೋ, ಹಾಡಿದವಳು ಸಂಗ್ರಹಕಾರನಾದ ಪುರುಷನ ಮುಂದೆ ನುಂಗಿಕೊಂಡಳೋ ಎಂಬುದು ಜಾನಪದ ವಿದ್ವಾಂಸರ ವಿಚಾರಕ್ಕೆ ಯೋಗ್ಯವಾದ ವಿಷಯ.

ಇದೇ ಉತ್ತರದ ಸೀಮೆಯಲ್ಲಿ ಹೆಂಗಸರ ಕೈಗೆ ಗದ್ಯಗ್ರಂಥವನ್ನು ಕೊಟ್ಟ ಕೀರ್ತಿಯು ವೆಂಕಟೇಶ ತಿರಕೋ ಕುಲಕರ್ಣಿಯವರದು (೧೮೬೯–೧೯೪೨). ಅವರು ತಮ್ಮ ಸೀಮೆಯ ಗಳಗನಾಥ ದೇವರ ಹೆಸರನ್ನೇ ಲೇಖನನಾಮವಾಗಿ ಧರಿಸಿದರು. ೧೮೯೮ರ ‘ಪ್ರಬುದ್ಧ ಪದ್ಮನಯನೆ’ಯಿಂದ ಮೊದಲುಗೊಂಡು, ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧಚಂದ್ರಿಕೆ’ಯ ಮೂಲಕವೂ, ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರುವುದರ ಮೂಲಕವೂ ಅವರು ಓದುಗರನ್ನು ಹುಟ್ಟಿಸಿದರು, ಆ ಓದುಗರಲ್ಲಿ ಗೃಹಿಣಿಯರ ಸಂಖ್ಯೆಯು ಅಲ್ಪವಲ್ಲ. ಅವರ ದೃಷ್ಟಿಯಲ್ಲಿ ಕುಟುಂಬವು ಧರ್ಮದ ಪಾಠಶಾಲೆ, ಗೃಹಿಣಿಯು ಅದರ ಆಧಾರಸ್ತಂಭ. ಸ್ತಂಭಕ್ಕೆ ಹೊರುವುದೇ ಗುಣ. ಮರಾಠಿಯ ಹರಿ ನಾರಾಯಣ ಆಪಟೆಯವರಿಂದ ಗಳಗನಾಥರು ಬಹಳವಾಗಿ ಪಡೆದರು. ‘ಕನ್ನಡಿಗರ ಕರ್ಮಕಥೆ’ಗೆ ಮೂಲವು ಆಪಟೆಯವರ ‘ವಜ್ರಾಘಾತ’. ಆದರೆ ಅದೇ ಆಪಟೆಯವರು ಯಮುನೆಯೆಂಬ ಹೆಣ್ಣಿನ ಬಾಯಿಂದ ಅವಳ ಸಂಸಾರದ ಕಥೆಯನ್ನು ಹೇಳಿಸಿದ ಸಾಮಾಜಿಕ ಕಾದಂಬರಿಗೆ ಎಣೆಯಾದುದು ಗಳಗನಾಥರ ಪ್ರಸಿದ್ಧ ಕೃತಿಗಳ ಸಾಲಿನಲ್ಲಿ ಕಾಣುವುದಿಲ್ಲ. ನಂಜನಗೂಡಿನ ತಿರುಮಲಾಂಬ ತಮ್ಮ ಗ್ರಂಥಮಾಲೆಗೆ ‘ಸತೀಹಿತೈಷಿಣಿ’ಯೆಂದು ಹೆಸರಿಟ್ಟರು. ಆ ತಲೆಮಾರಿನ ಮನೋಧರ್ಮವೆಲ್ಲ ಆ ಒಂದು ಸಮಾಸದಲ್ಲಿ ಅಡಗಿದೆ: ಸತಿಯ ಹಿತವನ್ನು ಬಯಸಲಾಯಿತು. ಹಿತವು ಬೇರೆ, ಇಷ್ಟವು ಬೇರೆ. ಹಿತವನ್ನು ಇತರರು ನಿರ್ಣಯಿಸಬಹುದು. ಇಷ್ಟವನ್ನು ಅವಳೇ ಹೇಳಬೇಕು.

ಇಷ್ಟರಲ್ಲಿ ಸಾಹಿತ್ಯದ ಹೊರಗೆ ಕಾಲವು ಮುಂದೆ ಸಾಗಿತ್ತು. ಗಳಗನಾಥವು ಆಗ ಸೇರಿದ್ದ ಮುಂಬಯಿ ಇಲಾಖೆಯ ರಾಜಧಾನಿಯಲ್ಲಿ ರಘುನಾಥ ಧೋಂಡೋ ಕರ್ವೆಯವರು ೧೯೨೧ರಲ್ಲಿಯೇ ಸಂತಾನನಿಯಂತ್ರಣದ ಸಲಹಾಕೇಂದ್ರವನ್ನು ತೆರೆದು, ೧೯೨೭ರಿಂದ ‘ಸಮಾಜಸ್ವಾಸ್ಥ್ಯ’ವೆಂಬ ಮರಾಠಿ ಮಾಸಪತ್ರಿಕೆಯನ್ನು ನಡೆಸಿ, ಅಶ್ಲೀಲತೆಯ ಆರೋಪದಿಂದ ನ್ಯಾಯಾಲಯವನ್ನೂ ಕಂಡರು. ೧೯೩೦ರಲ್ಲಿ ಮೈಸೂರು ಸಂಸ್ಥಾನವು ಬೆಂಗಳೂರಿನ ವಾಣೀವಿಲಾಸ ಮತ್ತು ಮೈಸೂರಿನ ಚೆಲುವಾಂಬ ಆಸ್ಪತ್ರೆಗಳಲ್ಲಿ ಇಂತಹ ಚಿಕಿತ್ಸಾಲಯಗಳಿಗೆ ಅನುಮತಿಯಿತ್ತಿತು. ಸರಕಾರವೊಂದು ಈ ಕಾರ್ಯವನ್ನು ತಾನೇ ಕೈಕೊಂಡ ಮೊದಲ ನಿದರ್ಶನಗಳಲ್ಲಿ ಅದೊಂದು. ೧೯೫೧–೫೨ರಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆಯೂ ಭಾರತ ಸರಕಾರವೂ ಕೂಡಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನದಲ್ಲಿ ಹಳ್ಳಿಯ ಹೆಂಗಸರನ್ನು ಎಷ್ಟು ಮಕ್ಕಳು ಬೇಕೆಂದು ಕೇಳಲಾಯಿತು. ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವ ಇಚ್ಛೆಯು ಅವರಲ್ಲಿ ಅನೇಕರಿಗೆ ಇದ್ದಿತು, ಉಪಾಯವು ತಿಳಿದಿರಲಿಲ್ಲ. ಅದೇ ದಶಕದ ಆರಂಭದಲ್ಲಿ ರಾಮನಗರದ ಸುತ್ತಣ ಸ್ತ್ರೀಯರಿಗೆ ದಿನಗಳನ್ನು ಎಣಿಸಲು ಬೇರೆ ಬೇರೆ ಬಣ್ಣದ ಮಣಿಗಳ ಸರವನ್ನು ಕೊಟ್ಟ ಪ್ರಯೋಗವೂ ನಡೆಯಿತು. ಪ್ರಯೋಗವು ಹೆಚ್ಚು ಫಲಿಸಲಿಲ್ಲ. ಆದರೂ ತಿಂಗಳನ್ನು ಎಣಿಸುವ ಕೆಲಸವು ಅತ್ತೆಯ ಕೈಯಿಂದ ಸೊಸೆಯ ಕೈಗೆ ಬಂದ ಗಳಿಗೆಯು ಅದು. ಒಬ್ಬ ಕಥೆಗಾರನಿಗೆ ಇದಕ್ಕಿಂತ ಒಳ್ಳೆಯ ವಸ್ತುವು ಬೇಕೆ?

ಈ ವಸ್ತುವಿಗೆ ಅತಿ ಸಮೀಪಕ್ಕೆ ಬಂದ ಪ್ರೌಢ ಕೃತಿಯೆಂದರೆ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ (೧೯೬೫). ಸಂಪ್ರದಾಯ ಮತ್ತು ನವೀನತೆಗಳ ಸಂಘರ್ಷವೆಂದು ಅದನ್ನು ಪಾಠ ಹೇಳುವುದು ರೂಢಿ. ಆ ಚೌಕಟ್ಟನ್ನು ಬದಿಗಿರಿಸಿ, ಯಾರ ಇಚ್ಛೆಯಿಂದ ಯಾರು ಗರ್ಭಿಣಿಯಾದರು, ಆಗದೆ ಹೋದರು ಎಂಬ ಒಂದೇ ಎಳೆಯನ್ನು ಹಿಡಿದು ಓದಿದರೆ ಕಾದಂಬರಿಯ ಬೇರೊಂದು ಮುಖವು ಗೋಚರಿಸುತ್ತದೆ.

ಶ್ರೋತ್ರಿಯ ಮನೆತನದ ಮೂರು ತಲೆಮಾರಿನ ಮೂವರು ಸ್ತ್ರೀಯರು ಇಲ್ಲಿದ್ದಾರೆ. ಶ್ರೀನಿವಾಸ ಶ್ರೋತ್ರಿಯ ತಾಯಿಯು, ಆಸ್ತಿಯು ದಾಯಾದಿಯ ಪಾಲಾಗಬಾರದೆಂಬ ಗಂಡನ ಹಟದ ದೆಸೆಯಿಂದ ಪರಪುರುಷನಿಂದ ಸಂತಾನವನ್ನು ಪಡೆದವಳು. ಹೆಂಡತಿಯಾದ ಭಾಗೀರತಮ್ಮನಿಗೆ ಇನ್ನೊಂದು ಹೆರಿಗೆಯಾದರೆ ಪ್ರಾಣಾಪಾಯವೆಂದು ವೈದ್ಯರು ಹೇಳಿದ ಮೇಲೆ ಶ್ರೋತ್ರಿಯು ಬ್ರಹ್ಮಚರ್ಯವನ್ನು ಸಂಕಲ್ಪಿಸುತ್ತಾನೆ. ಸೊಸೆ ಕಾತ್ಯಾಯನಿಯು ಗಂಡನನ್ನು ಕಪಿಲಾ ನದಿಗೆ ಕಳೆದುಕೊಂಡು, ಮೈಸೂರಿನ ಕಾಲೇಜಿನಲ್ಲಿ ಓದಿ, ರಾಜನನ್ನು ಮದುವೆಯಾಗಿ, ಮಗನನ್ನು ಮಾವನ ಮನೆಯಲ್ಲಿ ಬಿಟ್ಟುಬಂದು, ಮತ್ತೆ ತಾಯಾಗಬೇಕೆಂದು ಬಯಸಿ, ಗರ್ಭಪಾತದ ಮೇಲೆ ಗರ್ಭಪಾತವನ್ನು ಅನುಭವಿಸಿ ಕ್ಷಯಿಸಿಹೋಗುವವಳು. ಒಬ್ಬಳು ಗಂಡನ ಇಚ್ಛೆಯಿಂದ ಹೆತ್ತಳು; ಒಬ್ಬಳು ಗಂಡನ ಸಂಕಲ್ಪದಿಂದ ಹೆರದೆ ಉಳಿದಳು; ತನ್ನ ಇಚ್ಛೆಯಿಂದ ಹೆರಬಯಸಿದ ಮೂರನೆಯವಳಿಗೆ ಅದು ದೊರೆಯಲಿಲ್ಲ.

ಎರಡನೆಯ ಪ್ರಸಂಗವು ವಿಶೇಷವಾಗಿ ಪರಿಶೀಲನೀಯ. ಕನ್ನಡದ ಪ್ರಧಾನ ಕಾದಂಬರಿಗಳಲ್ಲಿ ಸಂತಾನವನ್ನು ತಡೆಯುವ ನಿರ್ಣಯವೊಂದು ಇಷ್ಟು ಗಂಭೀರವಾಗಿ ಚಿತ್ರಿತವಾದುದು ಅಪರೂಪ. ಲಕ್ಷ್ಮಿಯನ್ನು ಇರಿಸಿಕೊಳ್ಳೆಂದು ಹೆಂಡತಿಯೇ ಸೂಚಿಸುವುದು, ಶ್ರೋತ್ರಿಯ ಮನಸ್ಸಿನ ತುಮುಲ, ಅವನು ಅದನ್ನು ಗೆಲ್ಲುವುದು ಇವೆಲ್ಲವನ್ನೂ ಲೇಖಕರು ತಪಸ್ಸಿನ ವರ್ಣನೆಗೆ ಸಲ್ಲುವ ಶ್ರದ್ಧೆಯಿಂದ ಬರೆದಿದ್ದಾರೆ. ಆದರೆ ಪ್ರಾಣಾಪಾಯವಿದ್ದುದು ಭಾಗೀರತಮ್ಮನಿಗೆ. ಮೃತ್ಯುಭಯವೂ, ಗಂಡನನ್ನು ಇನ್ನೊಬ್ಬಳಿಗೆ ಒಪ್ಪಿಸುವ ಮಾತನ್ನು ತಾನಾಗಿ ಆಡಬೇಕಾದ ಅವಮಾನವೂ ಅವಳವು. ಆ ಮಾತನ್ನಾಡುವ ಹಿಂದಿನ ರಾತ್ರಿ ಅವಳು ಏನನ್ನು ಯೋಚಿಸಿದಳು? ಗಂಡನ ಸಂಯಮವು ಅವಳಿಗೆ ಸಮಾಧಾನವನ್ನು ತಂದಿತೋ, ತಾನು ಅವನ ಬಾಳಿಗೆ ಭಾರವಾದೆನೆಂಬ ವ್ಯಥೆಯನ್ನೋ? ಕಾದಂಬರಿಯ ತೂಕವೆಲ್ಲವೂ ಶ್ರೋತ್ರಿಯ ಕಡೆಗೆ ಬಿದ್ದಿರುವುದರಿಂದ ಈ ಪ್ರಶ್ನೆಗಳು ಓದುಗನ ಕೈಯಲ್ಲಿಯೇ ಉಳಿಯುತ್ತವೆ.

ಕಾತ್ಯಾಯನಿಯ ವಿಷಯದಲ್ಲಿ ಲೇಖಕರು ಅವಳ ಅಂತರಂಗವನ್ನು ತೆರೆದು ತೋರಿಸಿದ್ದಾರೆಂಬುದನ್ನು ಒಪ್ಪಲೇಬೇಕು. ಅವಳ ವಿದ್ಯೆಯ ಆಸೆ, ಪ್ರೇಮ, ಪಾಪಭೀತಿ ಇವು ನಿಜವಾದುವು. ಆದರೆ ಆ ಗರ್ಭಪಾತಗಳನ್ನು ಕಥಾಸಂವಿಧಾನದಲ್ಲಿ ಇರಿಸಿದ ಬಗೆಯು ಸಂಶಯಾಸ್ಪದವಾಗಿದೆ. ತನ್ನ ಇಷ್ಟವನ್ನು ಅನುಸರಿಸಿದವಳ ಗರ್ಭವೇ ನ್ಯಾಯಾಸನವಾಗಿ ಅವಳಿಗೆ ಶಿಕ್ಷೆಯನ್ನು ವಿಧಿಸುತ್ತದೆ. ಅವಳು ಹಾಗೆ ತಿಳಿಯುವುದು ಪಾತ್ರೋಚಿತ. ಆದರೆ ಮರುಮರುಕಳಿಸುವ ಘಟನೆಗಳ ಮೂಲಕ ಕಥೆಯೂ ಹಾಗೆಯೇ ತಿಳಿದಂತೆ ಭಾಸವಾಗುವುದು. ರಾಜನಿಗೆ ಇಂತಹ ದಂಡನೆಯು ದೇಹದಲ್ಲಿ ಬರುವುದಿಲ್ಲ. ಇದಕ್ಕೆ ಪ್ರತಿಯಾಗಿ, ತನ್ನ ಜನ್ಮವೃತ್ತಾಂತವನ್ನು ತಿಳಿದು ಶ್ರೋತ್ರಿಯು ವಂಶಶುದ್ಧಿಯ ಅಭಿಮಾನವನ್ನೆಲ್ಲ ಕಳೆದುಕೊಳ್ಳುವ ಕೊನೆಯ ಭಾಗವು ಆ ನ್ಯಾಯಾಸನವನ್ನೇ ಉರುಳಿಸುತ್ತದೆಂದು ವಾದಿಸಬಹುದು. ವಾದವು ಬಲವಾದುದೇ. ವೃಕ್ಷದ ಬೇರೇ ಸು‌ಳ್ಳಾದ ಮೇಲೆ ಕೊಂಬೆಯನ್ನು ದಂಡಿಸಿದುದು ಯಾತಕ್ಕೆ? ಆದರೆ ಆ ಅರಿವು ಉಂಟಾಗುವುದು ಶ್ರೋತ್ರಿಗೆ. ಕಾತ್ಯಾಯನಿಯ ದೇಹವು ಆ ಹೊತ್ತಿಗೆ ತನ್ನ ಲೆಕ್ಕವನ್ನು ತೆತ್ತು ಮುಗಿಸಿದೆ. ಈ ಕಾದಂಬರಿಯ ದೊಡ್ಡತನವೂ ಮಿತಿಯೂ ಒಂದೇ ಸ್ಥಳದಲ್ಲಿವೆ.

ತ್ರಿವೇಣಿಯವರ ‘ಶರಪಂಜರ’ದಲ್ಲಿ ದೃಷ್ಟಿಯು ಮನೆಯ ಒಳಗಡೆಗೆ ತಿರುಗುತ್ತದೆ. ಕಾವೇರಿಯು ವಿದ್ಯಾವತಿ, ಅನುಕೂಲಸ್ಥೆ, ಗಂಡನ ಪ್ರೀತಿಗೆ ಪಾತ್ರಳು. ಎರಡನೆಯ ಹೆರಿಗೆಯ ಅನಂತರ ಅವಳ ಚಿತ್ತವು ವಿಕಲವಾಗುತ್ತದೆ. ಆಸ್ಪತ್ರೆಯಲ್ಲಿ ಗುಣಹೊಂದಿ ಮರಳಿದವಳನ್ನು ಮನೆಯವರೂ ನೆರೆಯವರೂ ಹುಚ್ಚಿಯೆಂದೇ ಕಾಣುತ್ತಾರೆ. ಮಕ್ಕಳು ಬೇಕೆ ಬೇಡವೆ ಎಂಬ ಪ್ರಶ್ನೆಯನ್ನು ಈ ಕೃತಿಯು ನೇರವಾಗಿ ಎತ್ತುವುದಿಲ್ಲ. ಆದರೆ ಹೆರಿಗೆಯು ಶುಭಕಾರ್ಯವಾಗಿ ಮುಗಿದುಹೋಗುವ ಘಟನೆಯಲ್ಲವೆಂಬುದನ್ನೂ, ಹೆತ್ತವಳ ಮನಸ್ಸೆಂಬುದೊಂದು ಪ್ರತ್ಯೇಕವಾಗಿ ಇದೆಯೆಂಬುದನ್ನೂ ಸಾವಿರಾರು ಓದುಗರಿಗೆ ತಿಳಿಸಿಕೊಟ್ಟಿತು. ೧೯೭೧ರಲ್ಲಿ ಪುಟ್ಟಣ್ಣ ಕಣಗಾಲರ ಚಲನಚಿತ್ರವು ಬಂದ ಮೇಲೆ ಕಾವೇರಿಯ ಹೆಸರು ಓದುಬಾರದವರಿಗೂ ಪರಿಚಿತವಾಯಿತು. ತ್ರಿವೇಣಿಯವರು ೧೯೬೩ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಕರ್ತೃವಿನ ಮರಣವನ್ನು ಕೃತಿಯ ವ್ಯಾಖ್ಯಾನಕ್ಕೆ ಎಳೆದುತರುವುದು ಉಚಿತವಲ್ಲ.

ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನರಲ್ಲಿ (೧೯೩೪–೧೯೯೧) ಶಾಸ್ತ್ರವೂ ಕಥೆಯೂ ಒಂದೇ ಕೈಗೆ ಬಂದುವು. ಧಾರವಾಡದಲ್ಲಿಯೂ ಬೆಂಗಳೂರಿನಲ್ಲಿಯೂ ವೃತ್ತಿಯನ್ನು ನಡೆಸಿದ ಅವರ ‘ದಾಂಪತ್ಯ ದೀಪಿಕೆ’, ‘ತಾಯಿ–ಮಗು’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಗಳು ನವವಧುವಿನ ಪೆಟ್ಟಿಗೆಯಲ್ಲಿ ಸೇರಿ ಹೋದ ಗ್ರಂಥಗಳು. ದೇಹದ ವ್ಯಾಪಾರಗಳನ್ನು ಗ್ರಾಮ್ಯವೂ ಆಗದೆ ಕ್ಲಿಷ್ಟವೂ ಆಗದೆ ಹೇಳಬಲ್ಲ ಗದ್ಯವನ್ನು ರೂಢಿಸಿದುದು ಅವರ ದೊಡ್ಡ ಸೇವೆ. ಸಾಹಿತ್ಯಚರಿತ್ರೆಗಳು ಇದನ್ನು ಗಣನೆಗೆ ತಂದುಕೊಂಡುದು ಸಾಲದು. ‘ಸಂಹಿತೆ’ಯೆಂಬ ಹೆಸರನ್ನು ಅವರು ಬುದ್ಧಿಪೂರ್ವಕವಾಗಿಯೇ ಆರಿಸಿಕೊಂಡರೆಂದು ತೋರುತ್ತದೆ. ಸುಶ್ರುತನ ಸಂಹಿತೆಯಲ್ಲಿ ಗರ್ಭಿಣಿಯು ವಿಷಯ. ಇಲ್ಲಿ ಸ್ತ್ರೀಯು ಓದುಗಳು.

ಅವರ ೧೯೭೬ರ ‘ಮಾಧವಿ’ ಕಾದಂಬರಿಯನ್ನು ಉದ್ಯೋಗಪರ್ವದ ಗಾಲವೋಪಾಖ್ಯಾನದೊಡನೆ ಇರಿಸಿ ಓದುವುದು ಲಾಭಕರ. ಮೂಲಕಥೆಯು ಹೀಗಿದೆ: ಗುರುದಕ್ಷಿಣೆಗಾಗಿ ಒಂದು ಕಿವಿ ಕಪ್ಪಾದ ಎಂಟುನೂರು ಬಿಳಿಯ ಕುದುರೆಗಳನ್ನು ತರಬೇಕಾದ ಗಾಲವನಿಗೆ, ಕೊಡಲು ಬೇರೇನೂ ಇಲ್ಲದ ಯಯಾತಿಯು ಮಗಳನ್ನು ದಾನ ಮಾಡುತ್ತಾನೆ. ಅಯೋಧ್ಯೆಯ ಹರ್ಯಶ್ವನು ಅವಳ ಅಂಗಲಕ್ಷಣಗಳನ್ನು ಎಣಿಸಿ, ಇವಳು ಬಹುಪುತ್ರರನ್ನು ಹೆರಬಲ್ಲಳೆಂದು ನಿರ್ಣಯಿಸುತ್ತಾನೆ. ಆದರೆ ಅವನಲ್ಲಿರುವುದು ಇನ್ನೂರು ಕುದುರೆಗಳು ಮಾತ್ರ. ಆಗ ಮಾಧವಿಯೇ ಗಾಲವನಿಗೆ ಉಪಾಯವನ್ನು ಹೇಳುತ್ತಾಳೆ: ಪ್ರತಿಯೊಂದು ಪ್ರಸವದ ಅನಂತರವೂ ಕನ್ಯೆಯಾಗುವ ವರವು ತನಗಿದೆ, ನಾಲ್ವರು ರಾಜರು, ನಾಲ್ವರು ಪುತ್ರರು, ಎಂಟುನೂರು ಕುದುರೆಗಳು. ಹರ್ಯಶ್ವ, ದಿವೋದಾಸ, ಉಶೀನರರಿಂದ ಆರುನೂರು ದೊರೆತುವು. ಉಳಿದ ಇನ್ನೂರಕ್ಕೆ ಬದಲಾಗಿ ಗುರುವಾದ ವಿಶ್ವಾಮಿತ್ರನೇ ಅವಳನ್ನು ಸ್ವೀಕರಿಸಿದನು. ವಸುಮನ, ಪ್ರತರ್ದನ, ಶಿಬಿ, ಅಷ್ಟಕರು ಹುಟ್ಟಿದರು. ತಂದೆಯು ಮತ್ತೆ ಸ್ವಯಂವರವನ್ನು ಏರ್ಪಡಿಸಿದಾಗ ಅವಳು ನೆರೆದ ವರರೆಲ್ಲರನ್ನೂ ಬಿಟ್ಟು ವನವನ್ನೇ ವರಿಸಿ, ಹರಿಣಿಯಂತೆ ಹುಲ್ಲುಮೆದ್ದು ತಪಸ್ಸಿಗೆ ನಿಂತಳು.

ಆ ವರವನ್ನು ಸ್ವಲ್ಪ ವಿಚಾರಿಸಬೇಕು. ಕನ್ಯಾತ್ವವು ಮರಳುವುದರಿಂದ ಲಾಭವು ಮುಂದಿನ ರಾಜನಿಗೆ. ಹಿಂದಿನ ಪ್ರಸವದ ಕುರುಹು ಅವಳ ದೇಹದಲ್ಲಿ ಉಳಿಯದು, ಮಗುವು ಅವಳ ಕೈಯಲ್ಲಿ ಉಳಿಯದು. ಪ್ರಸೂತಿಯ ಕೊಠಡಿಯನ್ನು ಕಂಡ ವೈದ್ಯೆಗೆ ದೇಹವು ಹೀಗೆ ಮರೆಯುತ್ತದೆಂಬುದನ್ನು ಒಪ್ಪುವುದು ಸುಲಭವಲ್ಲ. ಅನುಪಮಾ ಅವರ ಕಾದಂಬರಿಯು ಈ ನುಣುಪಾದ ಲೆಕ್ಕಾಚಾರದ ಒಳಗೆ ಹೊಕ್ಕು, ಮೈಯನ್ನೂ ಮಡಿಲನ್ನೂ ಕೊಡುಕೊಳ್ಳುವ ವಸ್ತುವಾಗಿಸಿಕೊಂಡ ಹೆಣ್ಣಿನ ಮನಸ್ಸಿಗೆ ನುಡಿಯನ್ನು ಕೊಡಲು ಯತ್ನಿಸುತ್ತದೆ. ಯತ್ನವು ಎಲ್ಲೆಡೆಯಲ್ಲಿಯೂ ಸಮನಾಗಿ ಸಫಲವಾಗಿಲ್ಲ. ಕೆಲವೆಡೆ ಮಾಧವಿಯ ಚಿಂತನೆಯಲ್ಲಿ ಇಪ್ಪತ್ತನೆಯ ಶತಮಾನದ ವಿದ್ಯಾವಂತೆಯ ಧ್ವನಿಯು ಅತಿಸ್ಪಷ್ಟವಾಗಿ ಕೇಳುವುದು. ವ್ಯಾಸನು ಅವಳ ವನಗಮನವನ್ನು ವಿವರಿಸದೆ ಬಿಟ್ಟುದರಿಂದ ಉಂಟಾದ ಗಾಂಭೀರ್ಯವು ವಿವರಣೆಯಿಂದ ಕುಗ್ಗುವುದೂ ಉಂಟು. ಆದರೂ ಸ್ತುತ್ಯವಾದ ಸಂಗತಿಯೆಂದರೆ, ಶತಶತಮಾನಗಳ ಕಾಲ ಗಾಲವನ ಗುರುಭಕ್ತಿಯ ಅಥವಾ ಹಟದ ದೃಷ್ಟಾಂತವಾಗಿ ಓದಿದ ಉಪಾಖ್ಯಾನವನ್ನು ಮಾಧವಿಯ ಕಥೆಯಾಗಿ ಹೆಸರಿಸಿದುದು. ಆ ಬಳಿಕ ಮೂಲವನ್ನು ಓದುವವನಿಗೂ ಅದು ಹಿಂದಿನಂತೆ ಕಾಣದು.

ಕೊನೆಗೆ ಶಬ್ದಗಳ ವಿಚಾರ. ಈ ವ್ಯವಹಾರಕ್ಕೆ ಕನ್ನಡದಲ್ಲಿ ಮೊದಲು ಬಂದುದು ‘ಸಂತಾನನಿಯಂತ್ರಣ’; ೧೯೫೨ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾದ ಮೇಲೆ ‘ಕುಟುಂಬಯೋಜನೆ’; ೧೯೭೭ರ ಅನಂತರ ‘ಕುಟುಂಬಕಲ್ಯಾಣ’. ವಿಗ್ರಹವಾಕ್ಯವನ್ನು ಮಾಡಿ ನೋಡಿದರೆ ಮೊದಲನೆಯದರಲ್ಲಿ ಸಂತಾನವಿದೆ, ಉಳಿದೆರಡರಲ್ಲಿ ಕುಟುಂಬವಿದೆ, ಯಾವುದರಲ್ಲಿಯೂ ಸ್ತ್ರೀಯಿಲ್ಲ. ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬ ನಾಣ್ಣುಡಿಯು ಎಂಟನ್ನು ಎರಡಕ್ಕೆ ಇಳಿಸಿತು. ಆರತಿಯೂ ಕೀರ್ತಿಯೂ ಮನೆತನದವೇ. ಎಷ್ಟೆಂಬುದನ್ನು ಹಿಂದೆ ಹರಸುವ ಹಿರಿಯರು ಹೇಳುತ್ತಿದ್ದರು, ಆಮೇಲೆ ಗೋಡೆಯ ಮೇಲಣ ಬರಹವು ಹೇಳತೊಡಗಿತು.

ಇದಕ್ಕೆ ವ್ಯತಿರಿಕ್ತವಾದ ಪ್ರಯೋಗವು ಒಂದೇ. ಅದು ಪಂಡಿತರು ಸೃಷ್ಟಿಸಿದುದಲ್ಲ. ಹಾವೇರಿ ಸೀಮೆಯ ಹೆಂಗಸು ‘ಎರಡಾದ ಮ್ಯಾಲೆ ಆಪರೇಷನ್ ಮಾಡಿಸಿಕೊಂಡೆ’ ಎನ್ನುತ್ತಾಳೆ. ‘ಮಾಡು’ ಧಾತುವಿಗೆ ಪ್ರೇರಣಾರ್ಥದ ‘ಇಸು’ ಪ್ರತ್ಯಯವೂ ಆತ್ಮಾರ್ಥದ ‘ಕೊಳ್’ ಎಂಬುದೂ ಸೇರಿದ ಈ ಕ್ರಿಯಾಪದದಲ್ಲಿ ಮಾಡಿಸುವ ಕರ್ತೃವೂ ಅವಳೇ, ಫಲವನ್ನು ಹೊಂದುವವಳೂ ಅವಳೇ. ವ್ಯಾಕರಣವು ಅವಳಿಗೆ ಸಂಪೂರ್ಣ ಸ್ವಾತಂತ್ರ್ಯವನ್ನು ಕೊಟ್ಟಿದೆ. ಲೋಕವು ಎಷ್ಟನ್ನು ಕೊಟ್ಟಿದೆಯೆಂಬುದು ಬೇರೆ ಮಾತು. ೧೯೭೬–೭೭ರಲ್ಲಿ ತುರ್ತುಪರಿಸ್ಥಿತಿಯ ಬಲಾತ್ಕಾರದ ಕೆಳಗೆ ದೇಶದಲ್ಲಿ ಎಂಬತ್ತು ಲಕ್ಷಕ್ಕೂ ಮಿಕ್ಕ ಶಸ್ತ್ರಕ್ರಿಯೆಗಳು ನಡೆದುವು; ಅವುಗಳಲ್ಲಿ ಹೆಚ್ಚಿನವು ಪುರುಷರವು. ಆ ಬಳಿಕ ಭಾರವೆಲ್ಲವೂ ಸ್ತ್ರೀಯ ಕಡೆಗೆ ವಾಲಿತು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವರ್ಷಗಳೊಳಗಿನ ವಿವಾಹಿತೆಯರಲ್ಲಿ ಶೇಕಡಾ ೫೭.೪ ಮಂದಿ ಶಸ್ತ್ರಕ್ರಿಯೆಯನ್ನು ಮಾಡಿಸಿಕೊಂಡವರು. ಪುರುಷರ ಶಸ್ತ್ರಕ್ರಿಯೆಗೆ ಎದುರಾಗಿ ಬರೆದಿರುವ ಅಂಕೆಯು ೦.೦. ಒಬ್ಬ ಸ್ತ್ರೀಗೆ ಸರಾಸರಿ ೧.೭ ಮಕ್ಕಳು. ಅಷ್ಟಪುತ್ರದ ಹರಕೆಯು ಲೆಕ್ಕದಲ್ಲಿ ಇಷ್ಟಕ್ಕೆ ಇಳಿದಿದೆ. ೧೯೭೧ರ ಗರ್ಭಪಾತ ಕಾಯಿದೆಯು ಪ್ರಾಪ್ತವಯಸ್ಕಳಾದ ವಿವಾಹಿತೆಗೆ ಗಂಡನ ಒಪ್ಪಿಗೆಯು ಬೇಕೆಂದು ವಿಧಿಸಲಿಲ್ಲ, ಅವಳ ಒಪ್ಪಿಗೆಯೊಂದನ್ನೇ ಕೇಳಿತು. ಉಪನಿಷತ್ತಿನ ಆ ಎರಡು ವಾಕ್ಯಗಳ ಕರ್ತೃಪದವನ್ನು ಕಾಯಿದೆಯು ಬದಲಾಯಿಸಿತೆನ್ನಬಹುದು. ರೂಢಿಯಲ್ಲಿ ಸಹಿಗಾಗಿ ಗಂಡನನ್ನು ಹುಡುಕುವ ಅಭ್ಯಾಸವು ಇನ್ನೂ ತಪ್ಪಿಲ್ಲ.

ಹೀಗೆ ‘ಮಾಡಿಸಿಕೊಂಡೆ’ ಎನ್ನುವವಳು, ಮೂರನೆಯದು ಬೇಡ, ಹೊಲಿಗೆಯ ಯಂತ್ರವನ್ನು ಕೊಳ್ಳಬೇಕು, ಮಗಳನ್ನು ಹಾವೇರಿಯ ಕಾಲೇಜಿಗೆ ಕಳುಹಿಸಬೇಕು, ಬಿಟ್ಟ ಓದನ್ನು ಮುಗಿಸಬೇಕು ಎಂದು ಮನಸ್ಸಿನಲ್ಲಿಯೇ ನಿಶ್ಚಯಿಸಿ, ಅದನ್ನು ಗಂಡನಿಗೆ ಯಾವ ಹೊತ್ತಿನಲ್ಲಿ, ಯಾವ ಮಾತುಗಳಿಂದ ಹೇಳಿದಳೆಂಬ ಪ್ರಸಂಗವು ಮೇಲೆ ಪರಿಶೀಲಿಸಿದ ಕೃತಿಗಳಲ್ಲಿ ಇಲ್ಲ. ದೋಹದಕ್ಕೆ ಕವಿಸಮಯವಿದೆ: ಮಣ್ಣಿನ ರುಚಿ, ಬಿಳಿಚಿದ ಮೊಗ, ಸಖಿಯರ ಪಿಸುಮಾತು, ಅರಸನ ಕಳವಳ. ಈ ಬಯಕೆಗೆ ಇನ್ನೂ ಕವಿಸಮಯವು ಹುಟ್ಟಿಲ್ಲ.